ಮಾತ್ರೆ ಬಿಟ್ಟಾಗ ಬಂದ ದೇವರು

ಕೋವಿಡ್ ಅಡಗಿದ ಮರುವರ್ಷ. ಕೊಡಿಗೇಹಳ್ಳಿಯಲ್ಲಿ ನನ್ನ ಸ್ವಂತ ಮೆಡಿಕಲ್ ಸ್ಟೋರ್ ಆಗಷ್ಟೇ ಕುದುರಿಕೊಂಡಿತ್ತು. ಬೇರೆಯವರ ಕೌಂಟರಿನಲ್ಲಿ ನಿಂತು ವ್ಯಾಪಾರ ಕಲಿತ ಫಾರ್ಮಸಿಸ್ಟ್ ನಾನು. ಗಿರಾಕಿ ಏನು ಕೊಂಡ ಎನ್ನುವುದಕ್ಕಿಂತ ಏನು ಬಿಟ್ಟ ಎನ್ನುವುದರ ಮೇಲೆ ನನ್ನ ಕಣ್ಣು.

ಹಳೇ ಊರಿನ ಮುನಿರಾಜು ತಮ್ಮ ಹೊಲದಲ್ಲೇ ಅಪಾರ್ಟ್‌ಮೆಂಟ್ ಕಟ್ಟಿಸಿದವರು. ಅವರ ತಾಯಿ ಗೌರಮ್ಮನಿಗೆ ಸ್ಟ್ರೋಕ್ ಆದ ಮೇಲೆ ಫಿಟ್ಸ್ ಶುರುವಾಗಿತ್ತು. ಒಂದು ದಿನ ಮುನಿರಾಜು ಬಂದು ತಾಯಿಯ ಬಿಪಿ ಮಾತ್ರೆಯನ್ನಷ್ಟೇ ಕೇಳಿದರು.

"ಫಿಟ್ಸ್ ಮಾತ್ರೆ?" ಎಂದೆ.

"ಅದು ಬ್ಯಾಡ ಕಣಣ್ಣ. ಅದ್ ನುಂಗಿದ್ರೆ ದೇವ್ರು ಬರಲ್ಲ."

ಫಿಟ್ಸ್ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಕುತ್ತಾಗಬಹುದು. ಅವರ ಹಿಂದೆಯೇ ಮನೆಗೆ ಹೋದೆ.

ಮಾರ್ಬಲ್ ಹಾಕಿದ ಹಾಲ್‌ನ ತುಂಬ ಜನ ಕೈಮುಗಿದು ಕೂತಿದ್ದರು. ನನಗೆ ಕಾಫಿ ಕೊಡಲು ಹೇಳುತ್ತಿದ್ದ ಗೌರಮ್ಮ ಮಾತಿನ ನಡುವೆ ಹಾಗೆಯೇ ಸ್ತಬ್ಧರಾದರು. ಕಣ್ಣು ನನ್ನ ಮೇಲೇ ಇತ್ತು, ನೋಟ ಇರಲಿಲ್ಲ. ಬಾಯಿ ಬರಿದೇ ಚಪ್ಪರಿಸುತ್ತಿತ್ತು. ಬಲಗೈ ಸೆರಗಿನಿಂದ ಕಾಣದ ಏನನ್ನೋ ಹೆಕ್ಕುತ್ತಿತ್ತು.

"ಮುಚ್‌ಬ್ಯಾಡ... ಮುಚ್‌ಬ್ಯಾಡ..."

ಆ ದನಿ ಅವರದಲ್ಲ ಎನಿಸಿತು. "ಅಪಾರ್ಟ್‌ಮೆಂಟ್ ಕಟ್ಟೋವಾಗ ನಾವು ಮುಚ್ಚಿಸಿದ ಬಾವಿ ವಿಷ್ಯ ಯೋಳ್ತೈತೆ ತಾಯಿ," ಎಂದು ಸೊಸೆ ಪಿಸುಗುಟ್ಟಿದರು. ಇದು ಫಿಟ್ಸಿನದೇ ಒಂದು ಬಗೆ ಎಂದು ತಿಳಿದಿದ್ದ ನನ್ನ ಬೆನ್ನೂ ತಣ್ಣಗಾಯಿತು.

ನಂಬಿಕೆಯ ಜೊತೆ ಜಗಳಕ್ಕಿಳಿದರೆ ಕೆಲಸ ಕೆಡುತ್ತದೆ. ಮುನಿರಾಜುವನ್ನು ಪಕ್ಕಕ್ಕೆ ಕರೆದೆ.

"ನಿಮ್ ದೇವ್ರಿಗೆ ಒಂದು ಮಾತ್ರೆ ತಡೆಯೋ ಶಕ್ತಿ ಇಲ್ವಾ?"

"ಯಾಕಿಲ್ಲಣ್ಣ! ಐತೆ."

"ಹಂಗಾದ್ರೆ ಈಗ್ಲೇ ಡಾಕ್ಟ್ರಿಗೆ ತೋರ್ಸಿ, ಅವ್ರು ಹೇಳ್ದಂಗೆ ಮಾತ್ರೆ ಕೊಡಿ. ಆಮೇಲೂ ಬಂದ್ರೆ ನಾನೇ ಬಂದು ಅಡ್ಡಬೀಳ್ತೀನಿ."

"ದೇವ್ರತ್ರಾನೂ ಚೌಕಾಸಿ ಮಾಡ್ತೀಯಲ್ಲಣ್ಣ!" ಎಂದರು. ಆದರೆ ಕಾರಿನ ಕೀ ಕೈಗೆ ಬಂತು.

ನರರೋಗ ತಜ್ಞರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ದೇವರು ಬರುವುದು ನಿಂತಿತು, ಜನ ಬರುವುದೂ ನಿಂತಿತು.

ಕೆಲವು ತಿಂಗಳ ಮೇಲೆ ಗೌರಮ್ಮ ತಾವೇ ಅಂಗಡಿಗೆ ಬಂದರು. "ಯಾವ ದೇವ್ರು ಬಂತು ಅಂತ ಎಲ್ಲಾರೂ ಕೇಳೋರು ಕಣಪ್ಪ," ಎಂದರು. "ಆಗ ನೀನೆಲ್ಲೋಗಿರ್ತಿದ್ದೆ ಅಂತ ಒಬ್ರೂ ಕೇಳ್ಲಿಲ್ಲ."

"ಎಲ್ಲೋಗಿರ್ತಿದ್ರಮ್ಮ?"

"ಎಲ್ಲೂ ಇಲ್ಲ ಕಣಪ್ಪ. ಅದೇ ಭಯ."

ಮಗುವಾಗಲಿ, ವಯಸ್ಸಾದವರಾಗಲಿ, ಡಾಕ್ಟರನ್ನು ಕೇಳದೆ ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ ಎಂದು ಇಂದಿಗೂ ಕೌಂಟರಿನಲ್ಲಿ ಹೇಳುತ್ತಿರುತ್ತೇನೆ. ಮನೆಯವರು ಎಷ್ಟೇ ವಿವರ ಕೊಡಲಿ, ನುಂಗುವವರನ್ನೂ ಒಂದು ಮಾತು ಕೇಳಬೇಕೆಂದು ನನಗೆ ಕಲಿಸಿದವರು ಗೌರಮ್ಮ.