ಫೋನಿಲ್ಲದೆ ಓಡಿದ ಮೀಟರು

ಹೋದ ತಿಂಗಳು ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸು ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಟೆಲಿಫೋನ್ ಆಫೀಸಿನ ಮೆಕ್ಯಾನಿಕ್ ನೆನಪಾದರು. ಅವರ ಕೈಗೂ ಅಂಗಿಗೂ ಅದೇ ವಾಸನೆ ಇರುತ್ತಿತ್ತು. ಯಂತ್ರಗಳನ್ನು ದಿನವೂ ಸ್ಪಿರಿಟ್‌ನಿಂದ ಒರೆಸುತ್ತಿದ್ದರಂತೆ.

ಎಂಬತ್ತರ ದಶಕದ ಮಾತು. ಕಮತಗಿಯಿಂದ ಹುನಗುಂದ ಕಡೆಯ ಒಂದು ಊರಿಗೆ ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವನವರದು ಸೀರೆ ವ್ಯಾಪಾರ, ಮನೆಯಲ್ಲಿ ಫೋನಿತ್ತು. ನಾನು ಬಂದ ಮೇಲೆ ಬಿಲ್ಲು ಒಮ್ಮೆಲೇ ಏರಿತು. ಮಾವ ಡಯಲಿಗೆ ಸಣ್ಣ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಮುಂದಿನ ಬಿಲ್ಲು ಮತ್ತೂ ಹೆಚ್ಚು ಬಂತು. ಬೀಗ ಹಾಕಿದ್ದರೂ ರಿಸೀವರ್ ಇಡುವ ಗುಂಡಿಯನ್ನು ಟಕಟಕ ಒತ್ತಿ ನಂಬರು ಹಚ್ಚಬಹುದೆಂದು ಯಾರೋ ಪುಣ್ಯಾತ್ಮರು ಅತ್ತೆಯ ಕಿವಿಯಲ್ಲಿ ಊದಿದರು.

“ನಿನ್ನ ತವರಮನ್ಯಾಗ ಫೋನಿಲ್ಲ. ಮತ್ಯಾರ ಕೂಡ ಮಾತಾಡ್ತಿ?” ಎಂದರು ಅತ್ತೆ.

ಗಂಡ ಎನಿಸಿಕೊಂಡವರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕುಳಿತಿದ್ದರು. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ. ಮಗಳನ್ನು ಕರೆದುಕೊಂಡು ಹೋಗಿರೆಂದು ಅಪ್ಪನಿಗೆ ಕಾಗದ ಹೋಯಿತು. ಫೋನನ್ನೂ ಕಿತ್ತುಕೊಂಡು ಹೋಗಿರೆಂದು ಮಾವ ಟೆಲಿಫೋನ್ ಆಫೀಸಿಗೆ ಬರೆದುಕೊಟ್ಟರು.

ಹಾಗೆ ಬಂದವರು ಆ ಮೆಕ್ಯಾನಿಕ್. ಬೀಗ ನೋಡಿದರು. ಬಾಗಿಲ ಮರೆಯಲ್ಲಿ ಅತ್ತು ಕಣ್ಣು ಕೆಂಪಗಾಗಿ ನಿಂತ ನನ್ನನ್ನೂ ನೋಡಿದರು. ಮಾವನ ದೂರನ್ನೆಲ್ಲ ಕೇಳಿ, “ಎಂಟ ದಿನ ತಡೀರಿ ಸಾವಕಾರ್ರ. ಫೋನ್ ನಾ ಒಯ್ತೇನಿ, ಲೈನ್ ಮಾತ್ರ ಕಡಿಯಂಗಿಲ್ಲ. ಆಫೀಸಿನ್ಯಾಗ ನಿಮ್ಮ ಮೀಟರ್ ಏನ ಮಾಡ್ತೈತಿ ನೋಡೂಣು” ಎಂದರು. ಅಲ್ಲಿಯವರೆಗೆ ಬೀಗರಿಗೆ ಬರಬೇಡಿರೆಂದು ತಿಳಿಸಲು ಹೇಳಿಯೇ ಮೆಟ್ಟಿಲು ಇಳಿದರು.

ಒಂಬತ್ತನೆಯ ದಿನ ಹೇಳಿಕಳಿಸಿದರು. ಸೊಸೆಯನ್ನೂ ಕರೆದುಕೊಂಡೇ ಬರಬೇಕಂತೆ.

ಅಲ್ಲಿ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮೀಟರುಗಳು, ಒಂದೊಂದು ಫೋನಿಗೆ ಒಂದೊಂದು. ನಮ್ಮ ಫೋನು ಅವರ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆದರೂ ನಮ್ಮ ಮೀಟರು ಆ ಎಂಟು ದಿನಗಳಲ್ಲಿ ಬಹಳ ಮುಂದೆ ಓಡಿತ್ತು. ಅವರು ಬೇರೊಬ್ಬರ ಲೈನಿನಿಂದ ಒಂದು ನಂಬರು ತಿರುಗಿಸಿ ತೋರಿಸಿದರು. ಆ ಲೈನಿನ ಮೀಟರಿನ ಜೊತೆಗೆ ನಮ್ಮದೂ ಟಕ್ ಎಂದು ಒಂದು ಅಂಕಿ ಸರಿಯಿತು. ಹಿಂದೆ ಎರಡು ತಂತಿಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಮೇಲೊಂದು ಕೆಂಪು ದೀಪ ಉರಿಯುತ್ತಿತ್ತು.

“ಮೀಟರ್‌ದಾಗ ಏನರ ಕೆಟ್ರ ಈ ದೀಪ ಹತ್ತತೈತಿ, ಗಂಟಿ ಹೊಡೀತೈತಿ. ದಿನಾ ಹೊಡೀತೈತಿ ಅಂತ ಬ್ಯಾಸತ್ತು ನಾನ ಗಂಟಿ ಬಂದ್ ಮಾಡಿಟ್ಟಿದ್ನಿ. ದೀಪಾನೂ ನೋಡಿ ನೋಡಿ ಬಿಟ್ಟಿದ್ನಿ...” ಎಂದವರು ನನ್ನ ಕಡೆ ತಿರುಗಿ ಕೈಮುಗಿದರು. “ತಪ್ಪು ನಂದು, ತಂಗಿ.”

ಸದ್ದಿಲ್ಲದೆ ತಂತಿ ಸರಿಸಿ ಬಾಯಿ ಮುಚ್ಚಿಕೊಂಡಿದ್ದರೆ ಅವರನ್ನು ಕೇಳುವವರು ಯಾರಿದ್ದರು? ನಾನು ಮಾತ್ರ ಇಲ್ಲದ ಕಳಂಕ ಹೊತ್ತು ಕಮತಗಿಯ ಬಸ್ಸು ಹತ್ತುತ್ತಿದ್ದೆ. ಅಷ್ಟು ದೊಡ್ಡ ಉಪಕಾರಕ್ಕೆ ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆನೇ ಹೊರತು ಒಂದು ಮಾತೂ ಆಡಲಿಲ್ಲ. ಆ ಸಂಜೆ ಅತ್ತೆ ನನ್ನ ರೊಟ್ಟಿಗೆ ಎರಡು ಸಲ ಬೆಣ್ಣೆ ಹಾಕಿದರು. ಕ್ಷಮೆ ಕೇಳುವುದು ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಮುಂದೆ ಆ ಮೆಕ್ಯಾನಿಕ್ ಅವರಿಗೆ ಬಾದಾಮಿಗೆ ವರ್ಗವಾಯಿತು, ಅಲ್ಲೇ ಮನೆ ಕಟ್ಟಿದರೆಂದು ಕೇಳಿದ್ದೆ. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ... ದವಾಖಾನೆಯಿಂದ ಬಂದ ಮೇಲೆ ಮಾತ್ರ ಮನಸ್ಸು ತಡೆಯಲಿಲ್ಲ, ಮೊನ್ನೆ ಹೋದೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

ನಾನು ಯಾರೆಂದು ಹೇಳಿದ್ದೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ಆ ಹುಡುಗಿ ನೀವೇನ್ರಿ? ಅಕಿ ಬಾಳೇವು ನೆಟ್ಟಗಾತೊ ಇಲ್ಲೊ ಅಂತ ನಮ್ಮವರು ಕಡೀತನಕಾ ಅಂತಿದ್ರು.”

ನೆಟ್ಟಗಾಗಿತ್ತು. ಮೂರು ಮಕ್ಕಳಾದವು, ಆ ಮನೆಯಲ್ಲೇ ಮಾನದಿಂದ ಬಾಳಿದೆ. ಇದನ್ನೆಲ್ಲ ಆಕೆಯ ಮುಂದೆ ಹೇಳಿ ಬಂದೆ. ಕೇಳಬೇಕೆಂದು ಅಷ್ಟು ವರ್ಷ ಕಾದವರಿಗೆ ಹೇಳಲಿಲ್ಲ.