ಎಲ್ಲರನ್ನೂ ಕರೆಯುತ್ತಿದ್ದ ಫೋನು

ಫೋನಿಗೆ ಅರ್ಜಿ ಹಾಕಿದ್ದು ಅಮ್ಮನಿಗಾಗಿ. ಅವಳಿಗೆ ಉಬ್ಬಸವಿತ್ತು. ಒಬ್ಬಳೇ ಮಗಳು ನಾನು, ಸಯನ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಭಾಂಡುಪ್‌ನ ಮನೆಯಲ್ಲಿ ಹಗಲೆಲ್ಲ ಅವಳೊಬ್ಬಳೇ. ಮಧ್ಯಾಹ್ನ ಒಂದು ಸಲ ಅವಳ ದನಿ ಕೇಳಿದರೆ ಸಾಕು ಎನ್ನುವಷ್ಟೇ ನನ್ನ ಆಸೆ. ಆರು ವರ್ಷ ಕಾದೆವು. ಕಪ್ಪು ಫೋನು ಮನೆಗೆ ಬಂದಾಗ ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು.

ಬೇಡವೆಂದು ವಾಪಸು ಕಳಿಸಲು ಮನಸ್ಸಾಗಲಿಲ್ಲ. ಮರುದಿನ ಆಫೀಸಿನಿಂದ ನನ್ನ ಮನೆಯ ನಂಬರನ್ನೇ ತಿರುಗಿಸಿದೆ. ಬೀಗ ಹಾಕಿದ ಮನೆಯಲ್ಲಿ ಅದು ಹೊಡೆದುಕೊಳ್ಳುತ್ತಿದ್ದುದನ್ನು ಕೇಳುತ್ತಾ ಸ್ವಲ್ಪ ಹೊತ್ತು ಕೂತಿದ್ದೆ.

ಬಿಲ್ಡಿಂಗಿಗೆಲ್ಲ ಅದೊಂದೇ ಫೋನು. ವಾರದೊಳಗೆ ಎಲ್ಲರೂ ತಮ್ಮ ನೆಂಟರಿಗೆ ನನ್ನ ನಂಬರು ಕೊಟ್ಟಿದ್ದರು. "ಜರಾ ಊಪರ್‌ವಾಲೋಂ ಕೋ ಬುಲಾಯಿಯೇ" ಎಂದು ಯಾರೋ ಹೇಳುತ್ತಿದ್ದರು. ನಾನು ಒಲೆ ಆರಿಸಿ, ಮೇಲಿನ ಮನೆಯವರನ್ನು ಕರೆಯಲು ಮೆಟ್ಟಿಲು ಹತ್ತುತ್ತಿದ್ದೆ. ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಗಂಟೆ ನನಗೆಂದು ಹೊಡೆದದ್ದು ಮಾತ್ರ ಅಪರೂಪ.

ನನ್ನ ಮೇಲಿನ ಮನೆಯಲ್ಲಿ ಗದಗ ಕಡೆಯ ಹೆಂಗಸೊಬ್ಬಳು ಅತ್ತೆಯ ಜೊತೆ ಇದ್ದಳು. ಗಂಡ ಗಲ್ಫಿನಲ್ಲಿ ಕ್ರೇನ್ ನಡೆಸುತ್ತಿದ್ದ. ಶುಕ್ರವಾರ ಅವನಿಗೆ ರಜೆ, ಸಂಜೆ ಏಳಕ್ಕೆ ಅವನ ಫೋನು. ಅವಳು ಆರೂವರೆಗೇ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಬಂದು, ಅವನಿಗೆ ಕಾಣುತ್ತದೇನೋ ಎಂಬಂತೆ ನೆಟ್ಟಗೆ ಕೂರುತ್ತಿದ್ದಳು. ಗಂಟೆ ಹೊಡೆದೊಡನೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದೆ, ಅವರ ಮಾತು ಕಿವಿಗೆ ಬೀಳದಿರಲೆಂದು.

ಒಂದು ಮಳೆಗಾಲದಲ್ಲಿ ಕೇಬಲ್ಲಿಗೆ ನೀರು ಹೊಕ್ಕು ಲೈನು ಸತ್ತುಹೋಯಿತು. ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಯಿತು. ಆ ಶುಕ್ರವಾರವೂ ಅವಳು ಬಂದಳು.

"ಫೋನು ಕೆಟ್ಟಿದೆಯಲ್ಲಮ್ಮಾ," ಎಂದೆ.

"ಗೊತ್ತೈತ್ರಿ. ರೂಢಿ ಆಗೇತಿ. ಒಂದೀಟ್ ಕುಂತು ಹೋಗ್ತೀನ್ರಿ."

ಅಂದು ನಾನು ಅಡುಗೆಮನೆಗೆ ಹೋಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಗಂಡನ ಜೊತೆ ಇದ್ದದ್ದು ಮೂರೇ ತಿಂಗಳು ಎಂದಳು. "ಫೋನ್‌ನ್ಯಾಗ ಏನ್ ಮಾತಾಡಬೇಕೋ ತಿಳಿಯಂಗಿಲ್ರಿ. 'ಉಂಡಿ?' ಅಂತಾರ, 'ಉಂಡೀನಿ' ಅಂತೀನಿ. ಅಷ್ಟರಾಗ ಕಟ್ ಆಕ್ಕೈತಿ." ನಾನು ಅಮ್ಮನ ವಿಷಯ ಹೇಳಿದೆ. ಬಾಯಿಬಿಟ್ಟು ಯಾರಿಗೂ ಅದನ್ನು ಹೇಳಿರಲಿಲ್ಲ. ಅವಳು ಎದ್ದು ನನ್ನ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದಳು.

ಹಾಗೆ ಐದು ಶುಕ್ರವಾರ ಕಳೆದವು. ಲೈನ್‌ಮನ್ ಬಂದು ರಿಪೇರಿ ಮಾಡಿದ ದಿನ ಗಂಟೆ ಕೇಳಿ ನನಗೆ ಪಿಚ್ಚೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತೊಂಬತ್ತರ ಹೊತ್ತಿಗೆ ಒಂದೊಂದೇ ಮನೆಗೆ ಫೋನು ಬಂತು, ಅವಳ ಮನೆಗೂ. ನನ್ನ ಬಾಗಿಲು ತಟ್ಟುವವರು ಇಲ್ಲವಾದರು. ಒಂದು ಶುಕ್ರವಾರ ಸಂಜೆ ಅವಳ ನಂಬರು ತಿರುಗಿಸಿದೆ.

"ಹಲೋ, ಯಾರ್ರಿ?"

"ನಾನು, ಕೆಳಗಿನ ಮನೆ."

"ಅಯ್ಯ! ಏನರ ಬೇಕಾಗಿತ್ತೇನ್ರಿ?"

"ಏನಿಲ್ಲ. ಲೈನ್ ಸರಿಯಿದೆಯಾ ಅಂತ ನೋಡಿದೆ."

"ಸರಿ ಐತ್ರಿ. ಇವರ ಫೋನ್ ಬರೂ ಹೊತ್ತಾತ್ರಿ. ಇಡ್ಲೇನ್ರಿ?"

ಮೇಲೆ ಬರ್ತೀನಿ ಎನ್ನಬಹುದಿತ್ತು. ಹದಿನೆಂಟೇ ಮೆಟ್ಟಿಲು. "ಇಡಮ್ಮಾ," ಎಂದೆ.

ಮರುವರ್ಷ ಗಂಡ ಅವಳನ್ನು ಕರೆಸಿಕೊಂಡ. ನಾನು ಆಫೀಸಿನಲ್ಲಿದ್ದಾಗ ಹೊರಟುಹೋಗಿದ್ದಳು.

ಆಮೇಲೆ ಬರುತ್ತಿದ್ದವು ಬಹುಪಾಲು ರಾಂಗ್ ನಂಬರುಗಳು. ಒಬ್ಬಾತ ಸೀರೆ ಅಂಗಡಿ ಬೇಕೆಂದ. ಅದಲ್ಲ ಎಂದವಳು, ಯಾವ ನಂಬರು ತಿರುಗಿಸಿದಿರಿ, ಎಲ್ಲಿಂದ ಮಾತಾಡುತ್ತಿದ್ದೀರಿ, ಅಲ್ಲಿ ಮಳೆ ಶುರುವಾಯಿತೇ ಎಂದು ಹಿಂದಿಯಲ್ಲಿ ಒಂದೊಂದಾಗಿ ಕೇಳಿದೆ. ಅವನು ತಾಳ್ಮೆಯಿಂದ ಎಲ್ಲಕ್ಕೂ ಉತ್ತರಿಸಿ, "ಸಾರಿ ಮೇಡಂ" ಎಂದು ಇಟ್ಟ.