ಸೇತುವೆಯ ಆಚೆ ಸಿಗ್ನಲ್

ವರ್ನಾ ಟ್ಯಾಕೆಟ್ ಹಳೆಯ ವಾಷಿಂಗ್ ಮಷೀನುಗಳನ್ನು ಮಾರುತ್ತಿದ್ದಳು. ಅಮೆರಿಕದ ಕೆಂಟಕಿ ರಾಜ್ಯದ ಆ ಕಲ್ಲಿದ್ದಲು ಕಣಿವೆಯಲ್ಲಿ ಹೊಸ ಮಷೀನು ಕೊಳ್ಳುವ ಗಿರಾಕಿ ಅಪರೂಪ. ಹಾಗಾಗಿ ಅಪ್ಪ ಬಿಟ್ಟುಹೋದ ಅಂಗಡಿ ಹೇಗೋ ನಡೆಯುತ್ತಿತ್ತು. "ಒಬ್ಬಳೇ ಅಜ್ಜಿ ಬಳಸಿದ್ದು, ಅದೂ ಭಾನುವಾರ ಬಿಟ್ಟು" ಎಂಬ ಮಾತನ್ನು ಅವಳು ಎಷ್ಟು ಭಕ್ತಿಯಿಂದ ಹೇಳುತ್ತಿದ್ದಳೆಂದರೆ, ಅಂಥದೊಬ್ಬಳು ಅಜ್ಜಿ ಎಲ್ಲೋ ಇದ್ದಾಳೆಂದು ಅವಳಿಗೇ ನಂಬಿಕೆ ಬಂದುಬಿಟ್ಟಿತ್ತು. ವ್ಯಾಪಾರದ ಸುಳ್ಳಿಗೂ ಒಂದು ಧರ್ಮವಿದೆ. ಕೊಂಡವನ ಮನೆಯಲ್ಲಿ ಮಷೀನು ತಿರುಗಿದರೆ ಸುಳ್ಳು ಮಾಫಿ. ವರ್ನಾಳ ಮಷೀನುಗಳು ತಿರುಗುತ್ತಿದ್ದವು, ಏಕೆಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ್ನು ಬಿಚ್ಚಿ ಜೋಡಿಸುತ್ತಿದ್ದವನು ಅವಳ ಗಂಡ ಡೆಲ್ಮರ್.

ಡೆಲ್ಮರ್ ಕೈಯೆತ್ತಿದವನಲ್ಲ, ದನಿಯೆತ್ತಿದವನೂ ಅಲ್ಲ. ಊರವರು ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಬೆಣ್ಣೆ ಮೊದಲು ಮನೆಯ ಇಂಟರ್ನೆಟ್ ತೆಗೆಸಿತು: "ನಿಂಗೆ ತಲೆನೋವು ಬರುತ್ತೆ, ಚಿನ್ನ." ಆಮೇಲೆ ಮನೆಯ ಲ್ಯಾಂಡ್‌ಲೈನಿಗೆ ಅವಳ ತಂಗಿಯ ಫೋನು ಬಂದಾಗಲೆಲ್ಲ ಪಕ್ಕದಲ್ಲಿ ಬಂದು ಕೂತಿತು. ಆಮೇಲೆ ಮಲಗುವ ಕೋಣೆಯ ಬಾಗಿಲಿನ ಚಿಲಕವನ್ನು ಬಿಚ್ಚಿ, ರಿಪೇರಿಗೆಂದು ಒಯ್ದು, ಮರಳಿ ಹಾಕಲೇ ಇಲ್ಲ. ವರ್ನಾಳಿಗೆ ನಿದ್ದೆ ಹಾರಿಹೋಯಿತು.

ಕ್ಲಿನಿಕ್ಕಿನ ನರ್ಸು ಅವಳ ಕಣ್ಣ ಕೆಳಗಿನ ಕಪ್ಪು ನೋಡಿ, ಕೊರಿನ್ ಆಶ್ಬಿ ಎಂಬುವಳ ನಂಬರು ಕೊಟ್ಟಳು. ಕೊರಿನ್ ಸರ್ಕಾರದ ಲೈಸೆನ್ಸ್ ಪಡೆದ ಸೋಷಿಯಲ್ ವರ್ಕರ್. ಮನಸ್ಸು ಹದಗೆಟ್ಟವರ ಜೊತೆ ಫೋನಿನ ಪರದೆಯಲ್ಲೇ ಕೂತು ವಾರವಾರ ಮಾತಾಡುವುದು ಅವಳ ಕೆಲಸ. ಮೊದಲ ದಿನವೇ ಅವಳು ತನ್ನ ಕರಾರು ಹೇಳಿದಳು.

"ವರ್ನಾ, ನನ್ನ ಲೈಸೆನ್ಸ್ ಕೆಂಟಕಿಗೆ ಮಾತ್ರ. ನಾವು ಮಾತಾಡೋವಾಗ ನೀವು ಕೆಂಟಕಿಯ ನೆಲದ ಮೇಲೇ ಇರಬೇಕು. ಪ್ರತಿ ಸಲ ಶುರುವಿನಲ್ಲಿ ಎಲ್ಲಿದ್ದೀರಿ ಅಂತ ಕೇಳ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲಿಗೆ ಜನ ಕಳಿಸಬೇಕಲ್ಲ?"

"ಮನೇಲೇ ಇದ್ದೀನಿ, ಮೇಡಂ, ಅಂಗಳದಲ್ಲಿ ಕಾರಿನೊಳಗೆ," ಎಂದು ವರ್ನಾ ಮನೆಯ ವಿಳಾಸ ಹೇಳಿದಳು.

ಕಾರಿನೊಳಗೆ ಕೂತಿದ್ದುದೇನೋ ನಿಜ, ಆದರೆ ಕಾರು ಇದ್ದುದು ನದಿಯ ಆಚೆ, ಪಕ್ಕದ ರಾಜ್ಯ ಪಶ್ಚಿಮ ವರ್ಜೀನಿಯಾದಲ್ಲಿ. ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಸೇತುವೆ ದಾಟಿ, ಮುಚ್ಚಿಹೋದ ಚರ್ಚಿನ ಹಿಂದೆ ನಿಲ್ಲಿಸಿದರೆ ಮಾತ್ರ ಮುಖ ಕಾಣುವಷ್ಟು ಸಿಗುತ್ತದೆ. ಊರಿನ ಹುಡುಗ ಹುಡುಗಿಯರಿಂದ ಹಿಡಿದು ಜಾನುವಾರು ದಲ್ಲಾಳಿಯವರೆಗೆ ಎಲ್ಲರೂ ಫೋನಿಗೆ ಬರುವುದು ಅಲ್ಲಿಗೇ. ನಿಜ ಹೇಳಿದರೆ ಕೊರಿನ್ ಕೈಬಿಡಬೇಕಾಗುತ್ತದೆ. ಕೈಬಿಟ್ಟರೆ ವರ್ನಾಳಿಗೆ ಇನ್ನೊಬ್ಬರಿಲ್ಲ. ಅಜ್ಜಿಯೊಬ್ಬಳನ್ನು ಹುಟ್ಟಿಸಿದವಳಿಗೆ ವಿಳಾಸವೊಂದನ್ನು ಹೇಳುವುದೇನು ಮಹಾ? ಪ್ರತಿ ವಾರ, ಮಷೀನಿನ ಬೆಲ್ಟು ತರುತ್ತೇನೆಂದು ಹೊರಟು, ಅದೇ ವಿಳಾಸ ಒಪ್ಪಿಸಿದಳು. ಡೆಲ್ಮರನಿಗೆ ಗೊತ್ತಾಗದಿದ್ದರೆ ಸಾಕಿತ್ತು.

ಆ ಗುರುವಾರ ಮಧ್ಯಾಹ್ನ ಅವಳು ನಾಯಿಯ ಮಾತು ತೆಗೆದಳು.

"ನಮ್ಮ ಬಿಸ್ಕಿಟ್ ಕಾಣ್ತಿಲ್ಲ ಮೇಡಂ. ಯಾರಿಗೋ ಕೊಟ್ಟೆ ಅಂತಾನೆ. ಅದು ಅವನನ್ನ ಕಂಡ್ರೆ ಬೊಗಳ್ತಿತ್ತು, ಪಾಪ, ನಂಗಿಂತ ಧೈರ್ಯವಂತ."

"ಯಾರಿಗೆ ಕೊಟ್ಟರಂತೆ?"

"ಹೇಳಲಿಲ್ಲ. ಆದ್ರೆ ಅದರ ಕೊರಳಪಟ್ಟಿ ಗ್ಯಾರೇಜಿನಲ್ಲೇ ನೇತಾಡ್ತಿದೆ. ತೊಳೆದು ಒಣಗಿಸಿದ್ದಾನೆ."

ಕೊರಿನ್ ಬರೆಯುವುದನ್ನು ನಿಲ್ಲಿಸಿದಳು. "ಮನೇಲಿ ಬಂದೂಕು ಇದೆಯಾ?"

"ಈ ಕಣಿವೇಲಿ ಯಾರ ಮನೇಲಿಲ್ಲ, ಹೇಳಿ? ಪಾದ್ರಿ ಮನೇಲೇ ಎರಡಿವೆ."

ಅಷ್ಟರಲ್ಲಿ ಸೇತುವೆಯ ಮೇಲೆ ಕೆಂಪು ಟ್ರಕ್ಕೊಂದು ಬಂತು. "ಅಯ್ಯೋ ದೇವರೇ, ಅವನು ಬಂದ!" ಎಂದವಳೇ ವರ್ನಾ ಫೋನನ್ನು ಆರಿಸಿ ಸೀಟಿನ ಕೆಳಗೆ ಕುಗ್ಗಿದಳು.

ಟ್ರಕ್ಕು ಹಾದುಹೋಯಿತು. ಯಾರೋ ಕೋಳಿಯವನದು. ಡೆಲ್ಮರನ ಕೆಂಪು ಟ್ರಕ್ಕಿಗೆ ಎಡಗಡೆಯ ದೀಪ ಒಡೆದಿದೆ. ಇದಕ್ಕೆ ಎರಡೂ ಇದ್ದವು. ವರ್ನಾ ತನ್ನನ್ನೇ ಬೈದುಕೊಂಡಳು. ಆದರೂ ಏಳುವ ಧೈರ್ಯ ಬರಲಿಲ್ಲ. ಮುಕ್ಕಾಲು ಗಂಟೆ ಹಾಗೇ ಕೂತು, ಆಮೇಲೆ ಫೋನು ಹಚ್ಚಿದಳು.

ಕೊರಿನ್ ಹಲವು ಸಲ ಕರೆದಿದ್ದಳು. ಕೊನೆಗೊಂದು ಸಂದೇಶ: "ನಿಮ್ಮ ಮನೆಗೆ ಷೆರೀಫ್ ಕಚೇರಿಯಿಂದ ಪೊಲೀಸರನ್ನ ಕಳಿಸಿದ್ದೀನಿ. ಧೈರ್ಯವಾಗಿರಿ."

ಮನೆಗೆ. ವಾರವಾರ ಅವಳೇ ಬಾಯಾರೆ ಒಪ್ಪಿಸಿದ ಮನೆಗೆ. ಅಂಗಡಿಯಲ್ಲಿ ಅವಳ ಒಂದು ಸುಳ್ಳೂ ವಾಪಸ್ಸು ಬಂದಿರಲಿಲ್ಲ. ಈ ಸುಳ್ಳು ಮಾತ್ರ ಷೆರೀಫನ ಜೀಪಿನಲ್ಲಿ ಕೂತು ಮನೆಗೇ ಹೋಗಿತ್ತು.

ಅದರ ಕೆಳಗೆ ಡೆಲ್ಮರನ ಸಂದೇಶವಿತ್ತು. ಮನೆಯ ಸುತ್ತ ಸಿಗ್ನಲ್ ಇಲ್ಲವಾದ್ದರಿಂದ, ಅವನು ಅದನ್ನು ಕಳಿಸಬೇಕಾದರೆ ಆಗಲೇ ಮನೆ ಬಿಟ್ಟು ಸೇತುವೆಗೆ ಬರುವ ದಾರಿಯಲ್ಲಿ, ಸಂದೇಶವೊಂದು ಹೋಗುವಷ್ಟು ಸಿಗ್ನಲ್ ಸಿಗುವ ಗುಡ್ಡದ ತಿರುವಿನವರೆಗೆ ಬಂದಿರಬೇಕು.

"ಷೆರೀಫ್ ಕಚೇರಿಯ ಟಾಲಿ ಮನೆಗೆ ಬಂದಿದ್ದ, ನಿನ್ನ ಕ್ಷೇಮ ವಿಚಾರಿಸೋಕೆ. ಕಾಫಿ ಕೊಟ್ಟೆ. ಪಾಪ, ಬೇಟೆಗೆ ಜೊತೇಲಿ ಬರೋ ಹುಡುಗ, ನನ್ನ ಹತ್ರ ಏನೂ ಮುಚ್ಚಿಡಲ್ಲ. ಕೊರಿನ್ ಅಂದ್ರೆ ಯಾರು, ಚಿನ್ನ?"

ಅವನ ಫೋನಿನಲ್ಲಿ, ಈ ಸಂದೇಶದ ಪಕ್ಕ, ಓದಿದ್ದಾಯಿತು ಎಂಬ ಗುರುತು ಈಗ ಮೂಡಿರುತ್ತದೆ.

ವರ್ನಾ ಸಂದೇಶವನ್ನೇ ನೋಡುತ್ತ ಕೂತಳು. ಓದಿದ್ದಾಳೆಂದರೆ ಸಿಗ್ನಲ್ ಇದೆ. ಸಿಗ್ನಲ್ ಇದೆಯೆಂದರೆ ಎಲ್ಲಿದ್ದಾಳೆಂದು ಊರಿನ ಮಗುವೂ ಹೇಳೀತು. ಗಿರಾಕಿಗೂ ತನ್ನಷ್ಟೇ ಗೊತ್ತಿರುತ್ತದೆ ಎಂಬುದನ್ನು ಮರೆತ ವ್ಯಾಪಾರಿ ಮುಳುಗಿದ ಹಾಗೇ ಎಂದು ಅಪ್ಪ ಹೇಳುತ್ತಿದ್ದ.

ಅವಳು ಕೊರಿನಳಿಗೆ ಫೋನು ಮಾಡಿದಳು.

"ವರ್ನಾ! ಎಲ್ಲಿದ್ದೀರಿ?"

ಅದೇ ಪ್ರಶ್ನೆ. ನಾಲಿಗೆಯ ತುದಿಗೆ ಅದೇ ವಿಳಾಸ ಬಂದು ನಿಂತಿತು. ನುಂಗಿಕೊಂಡಳು.

"ನದಿ ಆಚೆ, ಪಶ್ಚಿಮ ವರ್ಜೀನಿಯಾದಲ್ಲಿ. ಮುಚ್ಚಿದ ಚರ್ಚಿನ ಹಿಂದೆ. ಮೊದಲನೇ ವಾರದಿಂದ್ಲೂ ಇಲ್ಲೇ ಮೇಡಂ. ನಿಮ್ಮ ಲೈಸೆನ್ಸಿಗೆ ಮಣ್ಣು ಹಾಕಿಬಿಟ್ಟೆ."

ಆ ಕಡೆ ಕೊರಿನ್ ಇನ್ನೊಂದು ಫೋನಿನ ಗುಂಡಿ ಒತ್ತುವ ಸದ್ದು.

"ಅದನ್ನ ನಾಳೆ ನೋಡ್ಕೊಳ್ಳೋಣ. ಮನೆಗೆ ಮಾತ್ರ ಹೋಗಬೇಡಿ. ಆ ಕಡೆಯ ಪೊಲೀಸರಿಗೆ ಇನ್ನೊಂದು ಫೋನಿಂದ ಹೇಳ್ತಿದ್ದೀನಿ. ಕಾರು ಹೊರಡಿಸಿ, ಸೇತುವೆಗೆ ಬೆನ್ನು ಹಾಕಿ. ದಾರೀಲಿ ಏನೇನು ಕಾಣುತ್ತೋ ಒಂದೊಂದೇ ಹೇಳ್ತಾ ಬನ್ನಿ. ನಿಜಾನೇ ಹೇಳಬೇಕು."

"ನಿಜ ಹೇಳಿ ರೂಢಿ ಇಲ್ಲ ಮೇಡಂ," ಎಂದಳು ವರ್ನಾ. ನಗಲು ನೋಡಿದಳು, ಬರಲಿಲ್ಲ. ಕೀಲಿ ತಿರುಗಿಸಿದಳು. "ಎಡಗಡೆ ಟೈರ್ ಅಂಗಡಿ. ಮುಚ್ಚಿದೆ. ಮುಂದೆ ರೈಲ್ವೆ ಗೇಟು. ತೆರೆದಿದೆ."

"ಸರಿ. ಹಿಂದೆ?"

ವರ್ನಾ ಕನ್ನಡಿಯಲ್ಲಿ ನೋಡಿದಳು. ಹಗಲು ಹೊತ್ತಿನಲ್ಲೂ ದೀಪ ಹಚ್ಚಿಕೊಂಡು, ಏನೂ ಅವಸರವಿಲ್ಲದಂತೆ, ಒಂದು ಟ್ರಕ್ಕು ಸೇತುವೆ ಇಳಿಯುತ್ತಿತ್ತು.

"ಹಿಂದೆ," ಎಂದಳು, "ಒಂದೇ ದೀಪ."